ಮುಂದೆ ಒಬ್ಬಳು ಹೋಗಿದ್ದು ಯಾರಿಗೂ ಗೊತ್ತಿರಲಿಲ್ಲವೇ?

ನಾನು ಸೈಕಲ್ ರೇಸಿನವಳು ಎಂದು ತಿಳಿದ ಕೂಡಲೇ ಜನ ಕೇಳುವ ಪ್ರಶ್ನೆ ಈಗ ಇದೊಂದೇ ಆಗಿದೆ. ‘ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮುಂದೆ ಹೋದವಳನ್ನು ಎಲ್ಲರೂ ಮರೆತೇಬಿಟ್ಟಿದ್ದರಂತೆ, ಎರಡನೆಯವಳು ತಾನೇ ಗೆದ್ದೆನೆಂದು ಕೈ ಎತ್ತಿದಳಂತೆ, ಹೌದೇ?’ ಕೇಳುವಾಗಲೇ ಮುಖದಲ್ಲಿ ನಗು ಇರುತ್ತದೆ. ಬಾಯಿಬಿಟ್ಟು ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಬರೆದಿಡುತ್ತೇನೆ, ಇನ್ನು ಮುಂದೆ ಕೇಳಿದವರು ಇದನ್ನು ಓದಿಕೊಳ್ಳಲಿ.

ಕೈ ಎತ್ತಿದ್ದು ನಿಜ. 2021ರ ಜುಲೈ 25ರಂದು ನಡೆದ ಮಹಿಳೆಯರ ರೋಡ್ ರೇಸ್ ಅದು. ಟೋಕಿಯೊದ ಪಶ್ಚಿಮದ ಮುಸಾಶಿನೊನೊಮೊರಿ ಉದ್ಯಾನದಿಂದ ಫ್ಯೂಜಿ ಸ್ಪೀಡ್‌ವೇ ಎಂಬ ಕಾರು ರೇಸಿನ ಮೈದಾನದವರೆಗೆ 137 ಕಿಲೋಮೀಟರು. ನೆದರ್ಲೆಂಡ್ಸ್‌ನ ಆನೆಮೀಕ್ ವಾನ್ ವ್ಲೂಟನ್ ಎರಡೂ ಕೈ ಮೇಲೆತ್ತಿ ಗೆರೆ ದಾಟಿದಳು. ಅವಳಿಗಿಂತ 75 ಸೆಕೆಂಡು ಮೊದಲೇ ಆಸ್ಟ್ರಿಯಾದ ಅನ್ನಾ ಕೀಸನ್‌ಹೋಫರ್ ಅದೇ ಗೆರೆ ದಾಟಿ, ಸೈಕಲ್ ಇಳಿದು ನೆಲದ ಮೇಲೆ ಬಿದ್ದುಕೊಂಡಿದ್ದಳು. ಆ ದಿನದ ಸರಾಸರಿ ವೇಗದಲ್ಲಿ ನೋಡಿದರೆ 75 ಸೆಕೆಂಡು ಎಂದರೆ ಮುಕ್ಕಾಲು ಕಿಲೋಮೀಟರಿನ ಹತ್ತಿರ ಹತ್ತಿರ. ಮುಂದೆ ಒಬ್ಬಳಿದ್ದಾಳೆಂಬುದು ತನಗೆ ಗೊತ್ತಿರಲಿಲ್ಲ ಎಂದು ವಾನ್ ವ್ಲೂಟನ್ ತಾನೇ ಹೇಳಿದಳು. ಪ್ರಶ್ನೆ ಕೇಳುವವರಿಗೆ ಇಷ್ಟು ಸಾಕು, ಮುಂದಿನ ಮಾತಿಗೆ ಕಿವಿ ಕೊಡುವುದಿಲ್ಲ.

ಗೊತ್ತಾಗದಿರಲು ಕಾರಣವೂ ಇದೆ. ದೊಡ್ಡ ವೃತ್ತಿಪರ ರೇಸುಗಳಲ್ಲಿ ಸವಾರರ ಕಿವಿಯಲ್ಲಿ ರೇಡಿಯೊ ಇರುತ್ತದೆ, ಹಿಂದಿನ ಕಾರಿನಿಂದ ಮ್ಯಾನೇಜರ್ ಎಲ್ಲವನ್ನೂ ಹೇಳುತ್ತಿರುತ್ತಾನೆ. ಒಲಿಂಪಿಕ್ಸ್‌ನಲ್ಲಿ ಅದಿಲ್ಲ. ಮುಂದಿನವರಿಗೂ ಹಿಂದಿನವರಿಗೂ ಇರುವ ಅಂತರವನ್ನು ಬರೆದು ಮೋಟಾರ್ ಸೈಕಲ್ ಮೇಲೆ ಬಂದು ತೋರಿಸುವ ಹಲಗೆ, ತಂಡದ ಕಾರು ಹತ್ತಿರ ಬಂದಾಗ ಸಿಗುವ ಎರಡು ಮಾತು, ಅಷ್ಟೇ. ಆರಂಭದಲ್ಲೇ ಮುಂದೆ ಹೋದವರು ಐವರು. ಕೀಸನ್‌ಹೋಫರ್ ಜೊತೆಗೆ ಪೋಲೆಂಡಿನ ಅನ್ನಾ ಪ್ಲಿಖ್ತಾ, ಇಸ್ರೇಲಿನ ಓಮರ್ ಶಪಿರಾ, ನಮೀಬಿಯಾದ ವೇರಾ ಲೂಸರ್, ದಕ್ಷಿಣ ಆಫ್ರಿಕಾದ ಕಾರ್ಲಾ ಓಬರ್‌ಹೋಲ್ಜರ್. ಕೊನೆಯ ಇಬ್ಬರು ಬೇಗನೆ ಹಿಂದೆ ಬಿದ್ದರು. ಪ್ಲಿಖ್ತಾ ಮತ್ತು ಶಪಿರಾ ಮುಕ್ತಾಯಕ್ಕೆ ಐದು ಕಿಲೋಮೀಟರಿನ ಆಸುಪಾಸಿನಲ್ಲಿ ಗುಂಪಿಗೆ ಸಿಕ್ಕಿಬಿದ್ದರು. ಅವರನ್ನು ಹಿಡಿದಾಗ ಡಚ್ಚರು, ಅಂದರೆ ನೆದರ್ಲೆಂಡ್ಸ್‌ನವರು, ಲೆಕ್ಕ ಮುಗಿಯಿತೆಂದುಕೊಂಡರು. ಒಂದು ತಲೆ ಬಾಕಿ ಇತ್ತು.

ಕಳೆದ ವರ್ಷ ನಮ್ಮ ಸಂಬಂಧಿಕರ ಮದುವೆಯಲ್ಲಿ ಊಟಕ್ಕೆ ಕುಳಿತಿದ್ದೆ. ಪಕ್ಕದ ಎಲೆಯಲ್ಲಿ ದೂರದ ಮಾವನೊಬ್ಬರು, ನಿವೃತ್ತರು, ಪತ್ರಿಕೆಯ ಕ್ರೀಡಾಪುಟವನ್ನು ಒಂದಕ್ಷರ ಬಿಡದೆ ಓದುವವರು. ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ ಇದೇ ಪ್ರಶ್ನೆ ಕೇಳಿದರು. ಮೇಲಿನದನ್ನೆಲ್ಲ ಹೇಳಿದೆ. ಅವರು ತಲೆಯಾಡಿಸಿ, ‘ಹಾಗಾದರೆ ರೇಡಿಯೊ ಇದ್ದಿದ್ದರೆ ಸೋಲುತ್ತಿದ್ದಳಲ್ಲವೇನಮ್ಮಾ? ಯಾರೂ ನೋಡದಾಗ ಸಿಕ್ಕಿದ ಚಿನ್ನ ಅನ್ನು’ ಎಂದರು. ನನ್ನ ಕೈಯಲ್ಲಿದ್ದ ತುತ್ತು ಎಲೆಗೆ ಹೋಯಿತು. ‘ಮಾವ, ಯಾರೂ ನೋಡದಾಗ ಅಲ್ಲ, ಎಲ್ಲರೂ ನೋಡುತ್ತಿದ್ದಾಗಲೇ ಹೋದಳು’ ಎಂದು ಶುರು ಮಾಡಿದವಳು ಮೊಸರನ್ನ ಬಂದು ಹೋದರೂ ನಿಲ್ಲಿಸಲಿಲ್ಲ. ಎದುರು ಸಾಲಿನವರು ತಿನ್ನುವುದನ್ನು ಬಿಟ್ಟು ಕೇಳುತ್ತಿದ್ದರಂತೆ. ಅಮ್ಮ ಆಮೇಲೆ ಬೈದರು. ಬೈಯಲಿ, ಆ ಮಾತನ್ನು ಹಾಗೇ ಬಿಡಲು ನನ್ನಿಂದ ಆಗದು.

ಎಲ್ಲರೂ ನೋಡುತ್ತಿದ್ದಾಗ ಎಂದೆನಲ್ಲ, ಅದರ ವಿವರ ಹೀಗಿದೆ. ಆರಂಭದ ಗೆರೆಯಲ್ಲಿ 67 ಮಂದಿ ಇದ್ದರು. ಧ್ವಜ ಇಳಿದ ಕ್ಷಣವೇ ಕೀಸನ್‌ಹೋಫರ್ ಎಲ್ಲರ ಕಣ್ಣೆದುರು ಚಿಮ್ಮಿದಳು. ಮೊದಲ ಮೀಟರಿನಿಂದಲೇ ನುಗ್ಗಬೇಕೆಂಬುದು ತನ್ನ ಯೋಜನೆಯಾಗಿತ್ತೆಂದು ಆಕೆಯೇ ಹೇಳಿದ್ದಾಳೆ. ಆ ಐವರ ಮುನ್ನಡೆ ಒಂದು ಹಂತದಲ್ಲಿ ಹತ್ತು ನಿಮಿಷವನ್ನೂ ದಾಟಿತು. ಹತ್ತು ನಿಮಿಷದ ಅಂತರ ಕದ್ದುಮುಚ್ಚಿ ಬೆಳೆಯುವುದಿಲ್ಲ. ಗುಂಪು ಬಿಟ್ಟುಕೊಟ್ಟದ್ದರಿಂದ ಬೆಳೆಯಿತು. ಹೋದವರ ಹೆಸರು ನೋಡಿ, ಇವರೆಲ್ಲ ಸಂಜೆಯೊಳಗೆ ಸುಸ್ತಾಗಿ ಸಿಗುತ್ತಾರೆ ಎಂದು ಅಂದಾಜು ಹಾಕಿ, ಬಿಟ್ಟರು. ಬಿಡುವುದು ಒಂದು ತೀರ್ಮಾನ. ಅದನ್ನು ‘ಮರೆವು’ ಎಂದು ಕರೆದಾಗ ನನಗೆ ಮೈ ಉರಿಯುತ್ತದೆ.

ಇನ್ನೊಂದು ಮಾತು ‘ಯಾರೋ ಗಣಿತದ ಮೇಷ್ಟ್ರಂತೆ’ ಎಂಬುದು. ಆಕೆ ಕೇಂಬ್ರಿಜ್‌ನಲ್ಲಿ ಓದಿದವಳು, ಬಾರ್ಸಿಲೋನಾದಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದವಳು, ಆಗ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಜೊತೆಗೆ ಆಸ್ಟ್ರಿಯಾದ ಟೈಮ್ ಟ್ರಯಲ್ ಚಾಂಪಿಯನ್ ಕೂಡ, ಅಂದರೆ ಗಡಿಯಾರದ ಎದುರು ಒಂಟಿಯಾಗಿ ತುಳಿಯುವುದರಲ್ಲಿ ಪಳಗಿದವಳು. ಆ ವರ್ಷ ಅವಳಿಗೆ ವೃತ್ತಿಪರ ತಂಡದ ಒಪ್ಪಂದ ಇರಲಿಲ್ಲ. ತರಬೇತಿ, ಊಟದ ಲೆಕ್ಕ, ರೇಸಿನ ತಂತ್ರ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತಿದ್ದಳು. ಆಸ್ಟ್ರಿಯಾದಿಂದ ಆ ರೇಸಿಗೆ ಬಂದವಳು ಇವಳೊಬ್ಬಳೇ. ಡಚ್ಚರ ಕಡೆ ನಾಲ್ವರು: ವಾನ್ ವ್ಲೂಟನ್, ಆನಾ ವಾನ್ ಡೆರ್ ಬ್ರೆಗನ್, ಮರಿಯಾನ್ ವೋಸ್, ಡೆಮಿ ವೋಲರಿಂಗ್. 2012ರ ಲಂಡನ್ ಚಿನ್ನ ವೋಸ್‌ಳದು, 2016ರ ರಿಯೊ ಚಿನ್ನ ವಾನ್ ಡೆರ್ ಬ್ರೆಗನ್‌ಳದು. ಇಂಥ ನಾಲ್ವರ ಎದುರು ಒಬ್ಬಳು.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ: ಉಳಿದವರು ಯಾಕೆ ಬೆನ್ನಟ್ಟಲಿಲ್ಲ? ಇದನ್ನು ಇಂದಿಗೂ ಒಬ್ಬರೂ ಕೇಳಿಲ್ಲ. ನಾನೇ ಕೇಳಿಕೊಂಡು ನಾನೇ ಹೇಳುತ್ತೇನೆ.

ರಸ್ತೆ ರೇಸಿನಲ್ಲಿ ನಿಜವಾದ ವೈರಿ ಗಾಳಿ. ವೇಗ ಎರಡರಷ್ಟಾದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಎಂಟರಷ್ಟಾಗುತ್ತದೆ. ಇನ್ನೊಬ್ಬಳ ಚಕ್ರದ ಹಿಂದೆ ಗಾಳಿಮರೆಯಲ್ಲಿ ಇದ್ದರೆ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಕಲಿತ ಹುಡುಗಿಯರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಜೋಳದ ಹೊಲಗಳ ನಡುವಿನ ಹೆದ್ದಾರಿಯಲ್ಲಿ ಎದುರುಗಾಳಿ ಹೊಡೆಯುವಾಗ ಮುಂದಿನ ಚಕ್ರ ಒಂದು ಗೇಣು ತಪ್ಪಿಹೋದರೆ ಏನಾಗುತ್ತದೆಂದು ಅವರ ತೊಡೆಗಳಿಗೆ ಗೊತ್ತು. ಹಾಗಾಗಿ ಬೆನ್ನಟ್ಟುವುದೆಂದರೆ ಯಾರೋ ಒಬ್ಬಳು ಮುಂದೆ ಬಂದು ಗಾಳಿ ತಿನ್ನಬೇಕು. ಅವಳ ಶಕ್ತಿ ಕರಗಿದಷ್ಟೂ ಹಿಂದಿನವರಿಗೆ ಲಾಭ. ಆ ಹೊತ್ತಿನಲ್ಲಿ ಗುಂಪನ್ನು ಹತ್ತಿರದಿಂದ ನೋಡಬೇಕು. ಮುಂದಿರುವವಳು ಮೊಣಕೈಯನ್ನು ಸಣ್ಣಗೆ ಅಲ್ಲಾಡಿಸುತ್ತಾಳೆ: ನನ್ನದಾಯಿತು, ಇನ್ನು ನೀನು ಬಾ. ಹಿಂದಿನವಳು ಅದೇ ಕ್ಷಣದಲ್ಲಿ ನೀರಿನ ಬಾಟಲಿಗೆ ಕೈ ಹಾಕುತ್ತಾಳೆ. ಅವಳ ಹಿಂದಿನವಳಿಗೆ ಗೇರ್ ನೋಡಬೇಕೆನಿಸುತ್ತದೆ. ಸಾಲಿನ ವೇಗ ಬೀಳುತ್ತದೆ, ಹತ್ತು ಸೆಕೆಂಡು ಹೋಗುತ್ತದೆ. ಟೋಕಿಯೊದಲ್ಲಿ ಎಲ್ಲರ ಕಣ್ಣು ಡಚ್ಚರ ಕಿತ್ತಳೆ ಜರ್ಸಿಗಳ ಮೇಲಿತ್ತು. ನಾಲ್ವರಿದ್ದಾರೆ, ಚಿನ್ನ ಬೇಕಾದವರು ಅವರು, ಅವರೇ ಎಳೆಯಲಿ ಎಂಬ ಭಾವ. ಎಳೆದವಳು ತನ್ನ ಪದಕವನ್ನು ಬಿಟ್ಟುಕೊಟ್ಟು ಇನ್ನೊಬ್ಬಳಿಗಾಗಿ ಎಳೆಯಬೇಕು. ನಾಲ್ವರೂ ಗೆಲ್ಲಬಲ್ಲವರೇ ಆದಾಗ ಅದು ಸುಲಭವಲ್ಲ. ವಾನ್ ವ್ಲೂಟನ್ ಅರ್ಧ ದಾರಿ ಕಳೆದ ಮೇಲೆ ಒಂಟಿಯಾಗಿ ಹೊರಟಳು, ಆದರೆ ಗುಂಪು ಅವಳನ್ನು ಮರಳಿ ಹಿಡಿಯಿತು. ನಾನು ಹೇಳುವುದಾದರೆ, ಬಲ ಇದ್ದದ್ದೇ ಅವರಿಗೆ ಭಾರವಾಯಿತು.

ಅಷ್ಟರಲ್ಲಿ ಕೀಸನ್‌ಹೋಫರ್ ಕಗೋಸಾಕಾ ಘಟ್ಟ ಹತ್ತುತ್ತಿದ್ದಳು. ಮುಕ್ತಾಯಕ್ಕೆ ಇನ್ನೂ ಸುಮಾರು 40 ಕಿಲೋಮೀಟರು. ಜೊತೆಯಲ್ಲಿ ಉಳಿದಿದ್ದ ಪ್ಲಿಖ್ತಾ ಮತ್ತು ಶಪಿರಾರನ್ನು ಅಲ್ಲಿ ಬಿಟ್ಟು ಮುಂದೆ ಹೋದಳು. ಇದೇ ನನಗೆ ಇಡೀ ರೇಸಿನ ಅತ್ಯಂತ ದೊಡ್ಡ ಗಳಿಗೆ. ಅವರಿಬ್ಬರನ್ನು ಬಿಡುವುದೆಂದರೆ ಗಾಳಿಮರೆಯನ್ನೇ ಬಿಡುವುದು. ಜುಲೈ ತಿಂಗಳ ಜಪಾನಿನ ಧಗೆಯಲ್ಲಿ, ಆಗಲೇ ಸುಮಾರು 97 ಕಿಲೋಮೀಟರು ತುಳಿದ ಕಾಲುಗಳ ಮೇಲೆ, ಉಳಿದ ದಾರಿಯನ್ನೆಲ್ಲ ಒಬ್ಬಳೇ ಸೀಳಿಕೊಂಡು ಹೋಗುತ್ತೇನೆಂದು ತೀರ್ಮಾನಿಸುವುದು. ರೇಡಿಯೊ ಅವಳ ಕಿವಿಯಲ್ಲೂ ಇರಲಿಲ್ಲ ಎಂಬುದನ್ನು ಮಾವನವರಂಥವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆನ್ನಟ್ಟುವವರು ಎಷ್ಟು ಹತ್ತಿರ ಬಂದರೆಂಬ ಭಯವನ್ನೂ ಹೊತ್ತುಕೊಂಡೇ ತುಳಿದಳು. ಆ ಭಯದಲ್ಲಿ ಅತಿಯಾಗಿ ತುಳಿದಿದ್ದರೆ ಕಾಲು ಸತ್ತುಹೋಗುತ್ತಿತ್ತು. ಕಡಿಮೆ ತುಳಿದಿದ್ದರೆ ಸಿಕ್ಕಿಬೀಳುತ್ತಿದ್ದಳು. 3 ಗಂಟೆ 52 ನಿಮಿಷ 45 ಸೆಕೆಂಡು. 1896ರ ನಂತರ ಸೈಕ್ಲಿಂಗ್‌ನಲ್ಲಿ ಆಸ್ಟ್ರಿಯಾಕ್ಕೆ ಬಂದ ಮೊದಲ ಒಲಿಂಪಿಕ್ ಚಿನ್ನ.

ವಾನ್ ವ್ಲೂಟನ್‌ಳನ್ನು ನೋಡಿ ನಗುವವರಿಗೂ ಒಂದು ಮಾತು. ರಿಯೊದಲ್ಲಿ ಚಿನ್ನದತ್ತ ಒಂಟಿಯಾಗಿ ಸಾಗುತ್ತಿದ್ದಾಗ ಇಳಿಜಾರಿನಲ್ಲಿ ಬಿದ್ದು ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡವಳು ಅವಳು. ಟೋಕಿಯೊದಲ್ಲಿ ಆ ರೇಸಿನ ಮೂರು ದಿನಗಳ ನಂತರ ಅದೇ ಸ್ಪೀಡ್‌ವೇಯಲ್ಲಿ ಟೈಮ್ ಟ್ರಯಲ್ ಚಿನ್ನವನ್ನು 56 ಸೆಕೆಂಡುಗಳ ಅಂತರದಿಂದ ಗೆದ್ದಳು. ಆ ಎತ್ತಿದ ಕೈಗಳ ಚಿತ್ರವನ್ನು ನನಗೆ ಕಳುಹಿಸಬೇಡಿ.

‘ಆದರೂ ಗೊತ್ತಿದ್ದಿದ್ದರೆ...’ ಎನ್ನುವವರಿಗಾಗಿ 2024ರ ಪ್ಯಾರಿಸ್ ಇದೆ. ಕೊನೆಯ ಕಿಲೋಮೀಟರುಗಳಲ್ಲಿ ಮುಂದಿದ್ದವರು ನಾಲ್ವರೇ: ವೋಸ್, ಹಂಗೇರಿಯ ಬ್ಲಾಂಕಾ ವಾಸ್, ಬೆಲ್ಜಿಯಂನ ಲೊಟ್ಟೆ ಕೊಪೆಕಿ, ಅಮೆರಿಕದ ಕ್ರಿಸ್ಟನ್ ಫಾಕ್ನರ್. ಹಿಂದಿನಿಂದ ಬಂದು ಸೇರಿಕೊಂಡ ತಕ್ಷಣ, ಸುಮಾರು ಮೂರು ಕಿಲೋಮೀಟರು ಇರುವಾಗ, ಫಾಕ್ನರ್ ಚಿಮ್ಮಿದಳು. ಇಲ್ಲಿ ಹಲಗೆ ಬೇಕಿಲ್ಲ, ಎಣಿಕೆ ತಪ್ಪುವ ಮಾತೂ ಇಲ್ಲ. ಮೂವರ ಕಣ್ಣೆದುರಿನ ರಸ್ತೆಯಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಮೂವರೂ ಪರಸ್ಪರ ಮುಖ ನೋಡಿಕೊಂಡರು. ಫಾಕ್ನರ್ ಗೆದ್ದದ್ದು 58 ಸೆಕೆಂಡುಗಳಿಂದ.