ಹೋಂ ಕೇರ್ ಕೆಲಸಗಾರರ ಸಂಘದಲ್ಲಿ ಫೋನು, ರಶೀದಿ ಪುಸ್ತಕ, ನಡಾವಳಿ ಯಾರ ಕೈಲಿರಬೇಕು?

ಮನೆಗಳಲ್ಲಿ ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳ ಸಂಘ ಕಟ್ಟುವುದು ಕಾರ್ಖಾನೆಯಲ್ಲಿ ಯೂನಿಯನ್ ಕಟ್ಟಿದ ಹಾಗಲ್ಲ. ಗೇಟ್ ಇಲ್ಲ, ಊಟದ ಬಿಡುವಿನಲ್ಲಿ ಒಟ್ಟಿಗೆ ಸೇರುವ ಜಾಗವೂ ಇಲ್ಲ. ಮೈಸೂರನ್ನೇ ತೆಗೆದುಕೊಳ್ಳಿ: ಒಬ್ಬರಿಗೆ ಕುವೆಂಪುನಗರದಲ್ಲಿ ಹಗಲು ಡ್ಯೂಟಿ, ಇನ್ನೊಬ್ಬರಿಗೆ ಗೋಕುಲಂನಲ್ಲಿ ರಾತ್ರಿ ಡ್ಯೂಟಿ, ಮತ್ತೊಬ್ಬರು ಬೋಗಾದಿಯ ಮನೆಯೊಂದರಲ್ಲಿ ಹಗಲೂ ರಾತ್ರಿ ಅಲ್ಲೇ ಉಳಿಯುವವರು. ನಂಜನಗೂಡು, ಶ್ರೀರಂಗಪಟ್ಟಣ, ಮಂಡ್ಯದಿಂದ ದಿನಾ ಬಸ್ಸು ಹತ್ತಿ ಬರುವವರೂ ಇದ್ದಾರೆ. ಇಂಥ ಕಡೆ ‘ಇದು ಸದಸ್ಯರೇ ನಡೆಸುವ ಸಂಘ’ ಅಂತ ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಬರೆದುಕೊಂಡರೆ ಸಾಲದು. ಫೋನ್ ಎತ್ತುವವರು, ರಶೀದಿ ಹರಿಯುವವರು, ನಡಾವಳಿ ಬರೆಯುವವರು ಮೂವರೂ ಒಬ್ಬರೇ ಆದರೆ ಸ್ವಲ್ಪ ದಿನದಲ್ಲೇ ಸಂಘ ಅವರದಾಗಿಬಿಡುತ್ತದೆ. ಅವರು ಎಷ್ಟೇ ಒಳ್ಳೆಯವರಿರಲಿ, ಉಳಿದವರು ಪ್ರಶ್ನೆ ಕೇಳುವುದನ್ನು ಬಿಟ್ಟುಬಿಡುತ್ತಾರೆ.

ಮೊದಲು ನೋಂದಣಿ. 1926ರ ಟ್ರೇಡ್ ಯೂನಿಯನ್ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ನಮಗೆ ಬೇಕಾದ ಮುಖ್ಯ ಅಂಶಗಳು ಎರಡರಲ್ಲೂ ಒಂದೇ. ಅರ್ಜಿಗೆ ಕನಿಷ್ಠ 7 ಜನರ ಸಹಿ ಬೇಕು. ಜೊತೆಗೆ ಆ ಸಂಸ್ಥೆ ಅಥವಾ ಉದ್ಯಮದ ಕೆಲಸಗಾರರಲ್ಲಿ ಶೇಕಡಾ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು, ಸದಸ್ಯರಾಗಿರಬೇಕು. ಮನೆ ಆರೈಕೆಯಲ್ಲಿ ಒಟ್ಟು ಎಷ್ಟು ಜನ ದುಡಿಯುತ್ತಾರೆ ಅನ್ನುವ ಲೆಕ್ಕವನ್ನು ಅರ್ಜಿದಾರರು ತೋರಿಸುವುದು ಕಷ್ಟ, ಹಾಗಾಗಿ ಶೇಕಡಾವಾರು ವಾದಕ್ಕೆ ಇಳಿಯದೆ 100 ಜನ ಆದಮೇಲೇ ಅರ್ಜಿ ಹಾಕುವುದು ಕ್ಷೇಮ. ಸಹಿಯನ್ನೂ ಏಳಕ್ಕೇ ನಿಲ್ಲಿಸದೆ ಹದಿನೈದು ಇಪ್ಪತ್ತು ಜನರದು ಹಾಕಿಸಿ. ಮನೆಗಳಿಗೆ ಕೆಲಸಕ್ಕೆ ಕಳಿಸುವ ಯಾವುದೋ ಏಜೆನ್ಸಿ ಹೆದರಿಸಿ ಇಬ್ಬರು ಹಿಂದೆ ಸರಿದರೂ ಅರ್ಜಿ ನಿಲ್ಲುತ್ತದೆ.

ಇನ್ನೊಂದು ತೊಡಕನ್ನು ಮೊದಲೇ ತಿಳಿದಿರಬೇಕು. ಹೊಸ ಸಂಹಿತೆ ‘ಉದ್ಯಮ’ದ ವ್ಯಾಖ್ಯೆಯಿಂದ ಮನೆಗೆಲಸದ ಸೇವೆಯನ್ನು ಹೊರಗಿಟ್ಟಿದೆ. ಆದರೆ ಯೂನಿಯನ್ ನೋಂದಣಿಯ ಅಧ್ಯಾಯದ ಮಟ್ಟಿಗೆ 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆಯ ವ್ಯಾಖ್ಯೆಗೆ ಬರುವವರನ್ನೂ ಕೆಲಸಗಾರರೆಂದೇ ಒಪ್ಪುತ್ತದೆ. ಆ ವ್ಯಾಖ್ಯೆಯಲ್ಲಿ ಮನೆಗಳು ನೇಮಿಸಿಕೊಂಡ ಕೂಲಿ ಕಾರ್ಮಿಕರು ಸೇರುತ್ತಾರೆ. ಈ ಮಾತನ್ನು ಅರ್ಜಿಯ ಮೊದಲ ಪ್ಯಾರಾದಲ್ಲೇ ಬರೆಯಿರಿ, ‘ನಿಮಗೆ ಮಾಲೀಕರೇ ಇಲ್ಲವಲ್ಲ’ ಅನ್ನುವ ಪ್ರಶ್ನೆಗೆ ಕಾಯಬೇಡಿ. ಅಹಮದಾಬಾದಿನಲ್ಲಿ ‘ಸೇವಾ’ (SEWA) ಅನ್ನುವ ಸ್ವಯಂ ಉದ್ಯೋಗಿ ಹೆಣ್ಣುಮಕ್ಕಳ ಸಂಘ ನೋಂದಣಿಗೆ ಹೋದಾಗಲೂ ಇದೇ ಪ್ರಶ್ನೆ ಎದ್ದಿತ್ತು. ವಾದಿಸಿ 1972ರಲ್ಲಿ ನೋಂದಣಿ ಪಡೆದರು.

ಅಸಂಘಟಿತ ವಲಯದ ಸಂಘದಲ್ಲಿ ಪದಾಧಿಕಾರಿಗಳ ಪೈಕಿ ಅರ್ಧದಷ್ಟು ಜನವಾದರೂ ಅದೇ ಕೆಲಸ ಮಾಡುವವರಾಗಿರಬೇಕು ಅನ್ನುವುದು ಕಾನೂನು. ಅಂದರೆ ಇನ್ನರ್ಧ ಹೊರಗಿನವರಿರಬಹುದು. ನಮ್ಮ ಅಭಿಪ್ರಾಯದಲ್ಲಿ ಇದು ತೀರಾ ಸಡಿಲ. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಮೂವರೂ ಈಗ ಡ್ಯೂಟಿ ಮಾಡುತ್ತಿರುವವರೇ ಆಗಿರಬೇಕು ಅಂತ ಬೈಲಾದಲ್ಲಿ ಹಾಕಿ. ವಕೀಲರು, ಸಮಾಜಸೇವಕರು ಸಲಹೆಗಾರರಾಗಿ ಸಭೆಗೆ ಬರಲಿ, ಮತ ಹಾಕುವುದು ಬೇಡ.

ಇದಕ್ಕಿಂತ ಸೂಕ್ಷ್ಮವಾದದ್ದು ಕಮಿಷನ್ ವಿಷಯ. ಹತ್ತು ವರ್ಷ ಈ ಕೆಲಸದಲ್ಲಿ ಪಳಗಿದ ಅಕ್ಕಂದಿರು ಬೇರೆಯವರಿಗೂ ಮನೆ ಹುಡುಕಿಕೊಡುತ್ತಾರೆ. ಕೆಲವರು ಮೊದಲ ತಿಂಗಳ ಸಂಬಳದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಹೆಚ್ಚು ಜನರ ಪರಿಚಯ ಇರುವುದೂ ಅವರಿಗೇ, ಚುನಾವಣೆಯಲ್ಲಿ ಗೆಲ್ಲುವುದೂ ಅವರೇ. ಆಮೇಲೆ ಕಮಿಷನ್ ಬಗ್ಗೆ ದೂರು ಬಂದರೆ ಅದು ಸಮಿತಿಯವರೆಗೂ ತಲುಪುವುದಿಲ್ಲ. ಬೈಲಾದಲ್ಲಿ ಒಂದು ಸಾಲು ಬೇಕು: ಬೇರೆಯವರನ್ನು ಕೆಲಸಕ್ಕೆ ಸೇರಿಸಿ ಹಣ ಪಡೆಯುವವರು, ಏಜೆನ್ಸಿಯ ಸೂಪರ್‌ವೈಸರ್‌ಗಳು ಪದಾಧಿಕಾರಿ ಆಗುವಂತಿಲ್ಲ. ಇದನ್ನು ಯಾರ ಹೆಸರೂ ಮುಂದೆ ಬರುವ ಮೊದಲೇ, ಮೊದಲ ಬೈಲಾದಲ್ಲೇ ಸೇರಿಸಬೇಕು. ತಡವಾದರೆ ಒಬ್ಬರ ಮೇಲೆ ಗುರಿಯಿಟ್ಟು ಮಾಡಿದಂತಾಗಿ ಸಂಘ ಒಡೆಯುತ್ತದೆ.

ಇನ್ನು ಸಭೆ. 120 ಸದಸ್ಯರಿದ್ದು ಮೂರನೇ ಒಂದು ಭಾಗ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಅಂತಿಟ್ಟುಕೊಂಡರೆ 40 ಜನ ಬೇಕು. ಭಾನುವಾರ ಮಧ್ಯಾಹ್ನ ಮೂರಕ್ಕೆ ಕರೆದರೆ ಬರುವವರು ವಾರದ ರಜೆ ಸಿಗುವ ಹಗಲು ಡ್ಯೂಟಿಯವರು ಮಾತ್ರ. ರಾತ್ರಿ ಡ್ಯೂಟಿಯವರು ಮಲಗಿರುತ್ತಾರೆ, ಮನೆಯಲ್ಲೇ ಉಳಿಯುವವರು ಪೇಷಂಟ್ ಬಿಟ್ಟು ಬರುವ ಹಾಗಿಲ್ಲ. ಪ್ರತಿ ಸಲವೂ ಅದೇ ಇಪ್ಪತ್ತೈದು ಮುಖ. ಆದ್ದರಿಂದ ಒಂದೇ ದೊಡ್ಡ ಸಭೆಯ ಬದಲು ಹತ್ತು ದಿನದೊಳಗೆ ಅದೇ ವಿಷಯಪಟ್ಟಿ ಹಿಡಿದು ಚಿಕ್ಕ ಚಿಕ್ಕ ಸಭೆ ಮಾಡಿ. ರಾತ್ರಿ ಡ್ಯೂಟಿಯವರಿಗೆ ಬೆಳಿಗ್ಗೆ ಡ್ಯೂಟಿ ಬಿಟ್ಟ ಕೂಡಲೇ, ಹಗಲಿನವರಿಗೆ ಸಂಜೆ ಸಬರ್ಬನ್ ಬಸ್ ನಿಲ್ದಾಣದ ಹತ್ತಿರ, ಅರ್ಧ ಗಂಟೆ ಮೀರದ ಹಾಗೆ. ಮಂಡ್ಯ, ನಂಜನಗೂಡಿನವರಿಗೆ ಅವರ ಊರಲ್ಲೇ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಬಸ್ ಚಾರ್ಜಿನ ಚಿಂತೆ ಹೋಗಿದೆ ನಿಜ, ಆದರೆ ಮನೆ ಸೇರುವ ಹೊತ್ತಿನ ಚಿಂತೆ ಹೋಗಿಲ್ಲ. ಮನೆಯಲ್ಲೇ ಉಳಿಯುವವರಿಗೆ ಮಧ್ಯಾಹ್ನ ಊಟವಾಗಿ ಅಜ್ಜಿ ಮಲಗಿದ ಮೇಲೆ, ಐದೈದು ಜನರ ಕಾನ್ಫರೆನ್ಸ್ ಕಾಲ್. ಎಲ್ಲ ಕಡೆಯ ಮತ ಕೂಡಿಸಿದಾಗಲೇ ನಿರ್ಣಯ. ಈ ವಿಧಾನವನ್ನೂ, ಕೋರಂ ಎಣಿಸುವುದು ಹೇಗೆ ಅನ್ನುವುದನ್ನೂ ಬೈಲಾದಲ್ಲೇ ಬರೆದಿರಬೇಕು, ಇಲ್ಲದಿದ್ದರೆ ನಾಳೆ ಯಾರಾದರೂ ನಿರ್ಣಯವನ್ನೇ ಪ್ರಶ್ನಿಸಬಹುದು.

ವಿಷಯ ಮೂರಕ್ಕಿಂತ ಹೆಚ್ಚು ಬೇಡ. ನೋಟಿಸು 14 ದಿನ ಮುಂಚೆ, ಕಾಗದದಲ್ಲೂ ಒಂದು ನಿಮಿಷದ ವಾಯ್ಸ್ ಮೆಸೇಜಿನಲ್ಲೂ ಹೋಗಲಿ. ಓದಲು ಬಾರದವರಿಗೆ ಬೇರೆಯವರು ಹೇಳಿದ ಅರ್ಥವೇ ಗತಿಯಾಗಬಾರದು.

ಸ್ತ್ರೀಶಕ್ತಿ ಸಂಘದಲ್ಲಿ ಇದ್ದವರಿಗೆ ನಡಾವಳಿ ಪುಸ್ತಕ ಹೊಸದಲ್ಲ, ಅದು ದೊಡ್ಡ ಅನುಕೂಲ. ಆದರೆ ಸಭೆ ಮುಗಿದ ಮೇಲೆ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸುವ ಅಭ್ಯಾಸ ಇಲ್ಲಿಗೆ ಬರಕೂಡದು. ‘ಚರ್ಚಿಸಿ ತೀರ್ಮಾನಿಸಲಾಯಿತು’ ಅಂತ ಬರೆದರೆ ಏನೂ ಬರೆದಂತಲ್ಲ. ಹೀಗಿರಬೇಕು: ‘24 ಗಂಟೆ ಡ್ಯೂಟಿಗೆ ವಾರಕ್ಕೊಂದು ರಜೆ ಕೇಳುವುದು. ಪರ 22, ವಿರೋಧ 3, ತಟಸ್ಥ 2. ಪತ್ರ ಕೊಡುವವರು ಇಂಥ ಇಬ್ಬರು, 15ನೇ ತಾರೀಖಿನೊಳಗೆ.’ ಮುಂದಿನ ಸಭೆ ಶುರುವಾಗುವುದೇ ಈ ಸಾಲನ್ನು ಓದಿ, ಪತ್ರ ಕೊಟ್ಟಾಯಿತೇ ಅಂತ ಕೇಳುವುದರಿಂದ.

ಸಂಬಳದ ಬೇಡಿಕೆ, ಚಂದಾ, ಬೈಲಾ ತಿದ್ದುಪಡಿ, ಪದಾಧಿಕಾರಿಯನ್ನು ಇಳಿಸುವುದು, ಒಂದು ಏಜೆನ್ಸಿಗೆ ಕೆಲಸಕ್ಕೆ ಹೋಗದಿರುವುದು, ಇವೆಲ್ಲ ಸದಸ್ಯರ ಗುಪ್ತ ಮತಕ್ಕೇ ಹೋಗಬೇಕು. ಚೀಟಿಯಲ್ಲಿ ಅಕ್ಷರದ ಜೊತೆ ಬಳೆ, ಛತ್ರಿ, ಸೈಕಲ್ಲಿನಂಥ ಚಿತ್ರ ಇರಲಿ. ಪೆಟ್ಟಿಗೆಯನ್ನು ಒಂದು ಏರಿಯಾಕ್ಕೆ ಒಯ್ಯುವವರು ಬೇರೆ ಏರಿಯಾದ ಇಬ್ಬರಾಗಿರಬೇಕು. ಎಣಿಕೆ ಮಾತ್ರ ಒಂದೇ ಕಡೆ, ಒಂದೇ ಸಲ. ಸಹಿ, ಹೆಬ್ಬೆಟ್ಟಿನ ಲೆಕ್ಕಕ್ಕೂ ಚೀಟಿಯ ಲೆಕ್ಕಕ್ಕೂ ತಾಳೆಯಾಗದಿದ್ದರೆ ಆ ಪೆಟ್ಟಿಗೆಯದು ಮರುಮತದಾನ.

ಸಂಬಳದ ಬೇಡಿಕೆಯಲ್ಲಿ ಇನ್ನೊಂದು ಎಚ್ಚರ ಬೇಕು. 12 ಗಂಟೆಯವರು ಹೆಚ್ಚಿದ್ದರೆ ಅವರಿಗೆ ಬೇಕಾದದ್ದೇ ಪಾಸಾಗುತ್ತದೆ, 24 ಗಂಟೆಯವರು ಮೆಲ್ಲಗೆ ಚಂದಾ ನಿಲ್ಲಿಸುತ್ತಾರೆ. ಎರಡೂ ಗುಂಪಿನ ಮತ ಬೇರೆ ಬೇರೆ ಎಣಿಸಿ, ಎರಡರಲ್ಲೂ ಬಹುಮತ ಬಂದರೆ ಮಾತ್ರ ಬೇಡಿಕೆ ಮುಂದಿಡಿ. ಕೆಲಸ ನಿಲ್ಲಿಸುವ ತೀರ್ಮಾನವಾದರೂ ಮೂಗಿನ ನಳಿಕೆಯಲ್ಲಿ ಊಟ ಹೋಗುವ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ಪೇಷಂಟ್ ಇರುವ ಮನೆಯನ್ನು ಹಾಗೇ ಬಿಟ್ಟು ಬರುವಂತಿಲ್ಲ. ಮೊದಲೇ ತಿಳಿಸಿ, ಔಷಧಿ ಹೊತ್ತು, ಆಹಾರ, ಚರ್ಮದ ಸ್ಥಿತಿ ಬರೆದ ಹಾಳೆಯನ್ನು ಮನೆಯವರ ಕೈಗೆ ಕೊಟ್ಟು, ಮತ್ತೊಬ್ಬರು ಬಂದ ಮೇಲೇ ಹೊರಡಬೇಕು. ಇದೂ ಸದಸ್ಯರ ಮತದಿಂದಲೇ ಆದ ನಿಯಮವಾಗಿರಲಿ.

ದೂರು ಬಂದಾಗ ಉತ್ಸಾಹದಲ್ಲಿ ಯಾರೋ ನೇರವಾಗಿ ಮನೆಯವರಿಗೆ ಫೋನ್ ಹಚ್ಚುತ್ತಾರೆ, ಸಂಜೆಗೆ ದೂರು ಕೊಟ್ಟಾಕೆಯ ಕೆಲಸ ಹೋಗಿರುತ್ತದೆ. ದೂರಿಗೆ ನಂಬರ್ ಕೊಟ್ಟು ಬರೆದುಕೊಳ್ಳಿ. ಆಕೆಯ ಒಪ್ಪಿಗೆಯ ಸಹಿ ಇಲ್ಲದೆ ಏಜೆನ್ಸಿಗಾಗಲಿ ಮನೆಗಾಗಲಿ ಯಾರೂ ಮಾತಾಡಬಾರದು. ಪೇಷಂಟ್ ಹೆಸರು, ವಿಳಾಸ, ಫೋಟೊ ವಾಟ್ಸಾಪ್ ಗುಂಪಿಗೆ ಬರಲೇಬಾರದು. ದೂರಿನ ಫೋನನ್ನು ಮೂವರು ತಿಂಗಳಿಗೊಬ್ಬರಂತೆ ಸರದಿಯಲ್ಲಿ ನೋಡಿಕೊಳ್ಳಲಿ.

ದುಡ್ಡಿನ ಲೆಕ್ಕ ಸರಳ, ಕಟ್ಟುನಿಟ್ಟು ಮಾತ್ರ ಬೇಕು. ತಿಂಗಳಿಗೆ 30 ರೂಪಾಯಿಯಂತೆ 120 ಜನ ಅಂದರೆ 3,600, ವರ್ಷಕ್ಕೆ 43,200. ಕ್ರಮಸಂಖ್ಯೆ ಇರುವ ರಶೀದಿ ಪುಸ್ತಕ ಯಾರಿಗೆ, ಯಾವತ್ತು ಕೊಟ್ಟಿದ್ದು ಅನ್ನುವುದಕ್ಕೇ ಒಂದು ಪುಸ್ತಕ ಇಡಿ. ಕ್ಯೂಆರ್ ಕೋಡ್ ಸಂಘದ ಖಾತೆಯದೇ ಇರಲಿ, ಯಾರ ಸ್ವಂತ ಫೋನ್‌ಪೇಗೂ ಚಂದಾ ಬೇಡ. ಚೆಕ್ಕಿಗೆ ಬೇರೆ ಬೇರೆ ಏರಿಯಾದ ಮೂವರಲ್ಲಿ ಇಬ್ಬರ ಸಹಿ. ಪ್ರತಿ ಸಭೆಯಲ್ಲಿ ಆರಂಭದ ಶಿಲ್ಕು, ಜಮಾ, ಖರ್ಚು, ಉಳಿಕೆ ಈ ನಾಲ್ಕು ಅಂಕಿ ಓದಬೇಕು. ಲೆಕ್ಕದ ಪುಸ್ತಕ, ಸದಸ್ಯರ ಪಟ್ಟಿ ನೋಡುವುದು ಸದಸ್ಯರ ಕಾನೂನುಬದ್ಧ ಹಕ್ಕು, ಕೇಳಿದವರನ್ನು ಅನುಮಾನದಿಂದ ನೋಡುವುದು ತಪ್ಪು.

ಅವಧಿ ಎರಡು ವರ್ಷ ಸಾಕು. ಹೊಸಬರು ಬಂದ ದಿನವೇ ಅಧಿಕಾರ ಹಸ್ತಾಂತರದ ಪಟ್ಟಿಗೆ ಇಬ್ಬರ ಸಹಿ ಬೀಳಬೇಕು: ಖಾಲಿ ಮತ್ತು ಬಳಸಿದ ರಶೀದಿ ಪುಸ್ತಕ, ಪಾಸ್‌ಬುಕ್, ಚೆಕ್‌ಬುಕ್, ನಡಾವಳಿ, ಸೀಲು, ದೂರಿನ ಪುಸ್ತಕ, ಬ್ಯಾಂಕಿಗೆ ಸಹಿ ಬದಲಾವಣೆಯ ಅರ್ಜಿ, ವಾಟ್ಸಾಪ್ ಗುಂಪಿನ ಅಡ್ಮಿನ್. ಬಹಳ ಕಡೆ ಎಡವುವುದು ಸಿಮ್ ಕಾರ್ಡಿನಲ್ಲಿ. ಅದು ಹಳೆಯ ಕಾರ್ಯದರ್ಶಿಯ ಆಧಾರ್ ಮೇಲೆ ತೆಗೆದದ್ದಾಗಿರುತ್ತದೆ, ಬ್ಯಾಂಕ್ ಒಟಿಪಿಯೂ ಅದಕ್ಕೇ ಬರುತ್ತದೆ, ಅವರು ಸಂಘ ಬಿಟ್ಟರೂ ನಂಬರ್ ಅವರ ಜೊತೆಗೇ ಹೋಗುತ್ತದೆ. ನೋಂದಣಿ ಪತ್ರ ಕೈಗೆ ಬಂದ ವಾರದಲ್ಲೇ ಸಂಘದ ಹೆಸರಲ್ಲಿ ಸಿಮ್ ತೆಗೆಸಿ, ಬ್ಯಾಂಕ್ ಖಾತೆಗೆ ಆ ನಂಬರನ್ನೇ ಜೋಡಿಸಿ.