ಬೇಕಿದ್ದರೆ ಕೊಡುವ ಆರ್ಗ್ಯುಮೆಂಟಿಗೆ ಹೆಸರಿರಲಿ

ಪೈಥಾನ್‌ನಲ್ಲಿ ಫಂಕ್ಷನ್ ಬರೆಯುವಾಗ ಕೊಡಲೇಬೇಕಾದ ಆರ್ಗ್ಯುಮೆಂಟ್‌ಗಳು (ಫಂಕ್ಷನ್ನಿಗೆ ಒದಗಿಸುವ ಬೆಲೆಗಳು) ಮೊದಲು, ಬೇಕಿದ್ದರೆ ಮಾತ್ರ ಕೊಡುವವು ಆಮೇಲೆ. ಇಷ್ಟು ಎಲ್ಲ ಟ್ಯುಟೋರಿಯಲ್‌ಗಳಲ್ಲೂ ಇರುತ್ತದೆ. ಹಿಂದುಮುಂದಾಗಿ ಬರೆದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ, ಹಾಗಾಗಿ ಅಲ್ಲಿ ಭಯವಿಲ್ಲ. ತಲೆನೋವು ಶುರುವಾಗುವುದು ಆ ಫಂಕ್ಷನ್ನನ್ನು ಕರೆಯುವಾಗ.

ರೆಗ್ಯುಲರ್ ಎಕ್ಸ್‌ಪ್ರೆಶನ್ ಮಾಡ್ಯೂಲ್‌ನ ‘ಸಬ್’ ಫಂಕ್ಷನ್ನೇ ನೋಡಿ, ಪಠ್ಯದಲ್ಲಿ ಹುಡುಕಿ ಬದಲಾಯಿಸುವುದು ಇದರ ಕೆಲಸ. ಹುಡುಕುವ ಪ್ಯಾಟರ್ನ್, ಅದರ ಜಾಗಕ್ಕೆ ಬರಬೇಕಾದ ಪದ, ಮೂಲ ಪಠ್ಯ, ಈ ಮೂರು ಕಡ್ಡಾಯ. ನಾಲ್ಕನೆಯದು ಕೌಂಟ್, ಎಷ್ಟು ಕಡೆ ಬದಲಾಯಿಸಬೇಕು ಅಂತ. ಕೊಡದಿದ್ದರೆ ಸೊನ್ನೆ, ಸೊನ್ನೆ ಅಂದರೆ ಎಲ್ಲ ಕಡೆ. ಐದನೆಯದು ಫ್ಲ್ಯಾಗ್ಸ್, ಹೇಗೆ ಹುಡುಕಬೇಕು ಅನ್ನುವ ಆಯ್ಕೆಗಳು. ಈಗ ಯಾರಿಗೋ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರದ ಭೇದ ಬೇಡವಾಗಿದೆ (ನಮ್ಮ ಲಿಪಿಗೆ ಈ ರಗಳೆಯೇ ಇಲ್ಲ, ಪುಣ್ಯ), ಅದಕ್ಕೆ ಮೂರು ಆರ್ಗ್ಯುಮೆಂಟ್ ಆದಮೇಲೆ ಸುಮ್ನೆ ‘ಇಗ್ನೋರ್‌ಕೇಸ್’ ಅಂತ ಹಾಕುತ್ತಾರೆ. ಅದು ಹೋಗಿ ಕೂರುವುದು ಕೌಂಟ್ ಜಾಗದಲ್ಲಿ. ಆ ಫ್ಲ್ಯಾಗಿನ ಬೆಲೆ 2. ಅಲ್ಲಿಗೆ ಪೈಥಾನ್ ಮೊದಲ ಎರಡು ಕಡೆ ಮಾತ್ರ ಬದಲಾಯಿಸುತ್ತದೆ, ಅಕ್ಷರಭೇದ ಹಾಗೇ ಉಳಿಯುತ್ತದೆ. ಎರರ್ ಇಲ್ಲ, ಏನೂ ಇಲ್ಲ. ಒಂದೇ ಪದವಿರುವ ಪುಟ್ಟ ಟೆಸ್ಟ್ ಆರಾಮಾಗಿ ಪಾಸಾಗುತ್ತದೆ, ನಿಜವಾದ ಫೈಲ್ ಬಂದಾಗ ಅರ್ಧ ಬದಲಾಗಿ ಅರ್ಧ ಉಳಿದುಬಿಡುತ್ತದೆ. 2024ರ 3.13 ಆವೃತ್ತಿಯಿಂದ ಕೌಂಟ್, ಫ್ಲ್ಯಾಗ್ಸ್ ಎರಡನ್ನೂ ಹೆಸರಿಲ್ಲದೆ (ಅಂದರೆ ‘ಫ್ಲ್ಯಾಗ್ಸ್ =’ ಅಂತ ಮುಂದೆ ಬರೆಯದೆ) ಕೊಟ್ಟರೆ ಎಚ್ಚರಿಕೆ ಬರುವ ಹಾಗೆ ಮಾಡಿದ್ದಾರೆ. ಇದು ಯಾವಾಗಲೋ ಆಗಬೇಕಿತ್ತು.

ಯಾಕೆಂದರೆ ಮದ್ದು 2008ರ ಪೈಥಾನ್ 3.0ರಿಂದಲೇ ಇದೆ, ಅಲ್ವಾ? ಫಂಕ್ಷನ್ ಬರೆಯುವಾಗ ಕಡ್ಡಾಯದವು ಮುಗಿದಮೇಲೆ ಆರ್ಗ್ಯುಮೆಂಟ್ ಪಟ್ಟಿಯಲ್ಲಿ ಒಂದು ಒಂಟಿ ನಕ್ಷತ್ರ (*) ಹಾಕಿ, ಸಾಕು. ಅದರ ನಂತರ ಬರುವುದನ್ನೆಲ್ಲ ಹೆಸರು ಹೇಳಿಯೇ ಕೊಡಬೇಕು. ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ‘ಸಾರ್ಟೆಡ್’ ಫಂಕ್ಷನ್ ಹೀಗೇ ಇದೆ: ಪಟ್ಟಿಯ ಜೊತೆ ಬರೀ ‘ಟ್ರೂ’ ಅಂತ ಕೊಟ್ಟರೆ ಟೈಪ್ ಎರರ್, ‘ರಿವರ್ಸ್’ ಅಂತ ಹೆಸರು ಹೇಳಿದರೆ ಮಾತ್ರ ಕೆಲಸ. ಮಷೀನ್ ಲರ್ನಿಂಗ್ ಲೈಬ್ರರಿಯಾದ ಸೈಕಿಟ್-ಲರ್ನ್‌ನವರು ಮೊದಲು ಎಚ್ಚರಿಕೆ ಕೊಟ್ಟು, 2021ರ 1.0 ಆವೃತ್ತಿಯಲ್ಲಿ ಹೆಚ್ಚಿನ ಆರ್ಗ್ಯುಮೆಂಟ್‌ಗಳಿಗೆ ಇದನ್ನೇ ಕಡ್ಡಾಯ ಮಾಡಿದರು. ಇದರಿಂದ ಟೈಪ್ ಮಾಡುವುದು ಸ್ವಲ್ಪ ಜಾಸ್ತಿ, ನಿಜ. ಆದರೆ ನಾಳೆ ನಡುವೆ ಹೊಸ ಆಯ್ಕೆಯೊಂದನ್ನು ಸೇರಿಸಿದರೂ ಹಳೆಯ ಕೋಡ್ ಕೆಡುವುದಿಲ್ಲ.

2019ರ ಪೈಥಾನ್ 3.8ರಲ್ಲಿ ಇದರ ಉಲ್ಟಾ ಬಂತು, ಓರೆಗೆರೆ (/). ಅದಕ್ಕಿಂತ ಮೊದಲು ಬರುವವಕ್ಕೆ ಹೆಸರು ಹೇಳುವಂತಿಲ್ಲ, ಜಾಗವೇ ಗುರುತು. ನನಗೆ ಇದು ಬೇಕಾಗುವುದು ಅಪರೂಪ.

ನಾನಂತೂ ಹೌದು-ಇಲ್ಲ ಅನ್ನುವ ಯಾವ ಆಯ್ಕೆಯನ್ನೂ ನಕ್ಷತ್ರಕ್ಕಿಂತ ಮೊದಲು ಬಿಡುವುದಿಲ್ಲ. ಒಂದು ಸಾಲಿನಲ್ಲಿ ‘ಟ್ರೂ, ಫಾಲ್ಸ್, ಟ್ರೂ’ ಅಂತ ಕಂಡರೆ ಓದುವವರಿಗೆ ಏನು ತಿಳಿಯಬೇಕು ಹೇಳಿ.

ಇನ್ನು ಡಿಫಾಲ್ಟ್ ಬೆಲೆ, ಅಂದರೆ ಕರೆಯುವವರು ಏನೂ ಕೊಡದಿದ್ದಾಗ ಬಳಕೆಯಾಗುವುದು. ಸಾಮಾನ್ಯವಾಗಿ ‘ನನ್’ (None, ಅಂದರೆ ಏನೂ ಇಲ್ಲ) ಸಾಕು. ಆದರೆ ಕರೆಯುವವರು ಬೇಕಂತಲೇ ‘ನನ್’ ಕೊಡಬಹುದಾದರೆ, ಕೊಟ್ಟರೋ ಬಿಟ್ಟರೋ ಗೊತ್ತಾಗುವುದಿಲ್ಲ. ಕೀ ಮತ್ತು ಅದರ ಬೆಲೆಯನ್ನು ಜೋಡಿಯಾಗಿ ಇಡುವ ಡಿಕ್ಷನರಿಯಿಂದ ಒಂದು ಕೀ ತೆಗೆದು ಅದರ ಬೆಲೆ ಕೊಡುವ ‘ಪಾಪ್’ ನೋಡಿ: ಕೀ ಇಲ್ಲದಿರುವಾಗ ಡಿಫಾಲ್ಟ್ ಕೊಡದಿದ್ದರೆ ಕೀ ಎರರ್, ‘ನನ್’ ಅಂತ ಕೊಟ್ಟರೆ ‘ನನ್’ ವಾಪಸ್ ಬರುತ್ತದೆ. ನಿಮ್ಮ ಫಂಕ್ಷನ್ನಿಗೂ ಅಂಥ ವ್ಯತ್ಯಾಸ ಬೇಕಿದ್ದರೆ ಮಾಡ್ಯೂಲ್‌ನ ಮೇಲ್ಗಡೆ ಒಂದು ಖಾಲಿ ಆಬ್ಜೆಕ್ಟ್ ಮಾಡಿ ಅದನ್ನೇ ಡಿಫಾಲ್ಟ್ ಇಡಿ, ಬಂದಿರುವುದು ಅದೇ ಆಬ್ಜೆಕ್ಟಾ ಅಂತ ಒಳಗೆ ‘ಈಸ್’ ಬಳಸಿ ಹೋಲಿಸಿ.