ಗಸಗಸೆ ಪೊಟ್ಟಣ

ದುಬೈಗೆ ಹೊರಟ ದಿನ ಅವ್ವ ಬ್ಯಾಗಿಗೆ ಏನೇನು ತುರುಕಿದ್ದಳೋ! ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ. ರಾಯಚೂರು ದಾಟಿ ಹೈದರಾಬಾದ್ ಏರ್‌ಪೋರ್ಟ್ ದಾರಿಯಲ್ಲಿ ಸುಮ್ನೆ ಬ್ಯಾಗ್ ತಡಕಾಡಿದೆ. ತಳದಲ್ಲಿ ಹಳೇ ಸೀರೆ ತುಂಡಿನಲ್ಲಿ ಕಟ್ಟಿದ ಗಸಗಸೆ! ನಮಗೆ ಪಾಯಸದ ಸಾಮಾನು, ಅಲ್ಲಿ ನಿಷೇಧಿತ ವಸ್ತು. ಸಿಕ್ಕಿಬಿದ್ದರೆ ಜೈಲಿಗೂ ಹಾಕುತ್ತಾರೆ. ಎದೆ ಧಸಕ್ ಅಂತು. ಪೊಟ್ಟಣವನ್ನು ಡ್ರೈವರ್ ಕೈಗಿಟ್ಟು, 'ಮನೆಗೆ ಒಯ್ಯಿರಿ ಅಣ್ಣ' ಅಂದೆ.

ಇಷ್ಟು ಜಾಣತನ ಮಾಡಿ ರಾತ್ರಿ ರೂಮಿನಲ್ಲಿ ನೋಡಿದರೆ, ಚಾರ್ಜರ್ ಗೋಡೆಗೆ ಕೂರುತ್ತಿಲ್ಲ. ಅಲ್ಲಿ ಚಪ್ಪಟೆ ಕಾಲಿನ ಮೂರು ಪಿನ್ನು. ನಾವು ಹೆದರುವುದು ವೀಸಾಕ್ಕೆ, ಕೈ ಕೊಡುವುದು ಇಂಥ ಚಿಲ್ಲರೆ ಸಾಮಾನು, ಅಲ್ವಾ? ಬೆಳಿಗ್ಗೆ ಅಡಾಪ್ಟರ್ ಕೊಂಡು ಫೋನ್ ಹಚ್ಚಿದೆ. ಅವ್ವನ ಮೊದಲ ಮಾತು: 'ಪಾಯಸ ಮಾಡಿಕೊಂಡ್ಯಾ?'